20 ಗಜಕ್ಕೆ ಸರಿ, 50 ಗಜಕ್ಕೆ ಬಲಕ್ಕೆ: ಸ್ಕೋಪ್ ಎಲ್ಲಿ ತಪ್ಪಿದೆ?

ಹೊಸಬಾಣ:
ಕ್ರಾಸ್‌ಬೋಗೆ (ಅಡ್ಡಬಿಲ್ಲಿಗೆ) ನಾನೇ ಸ್ಕೋಪ್, ಅಂದರೆ ಗುರಿ ಹಿಡಿಯುವ ದುರ್ಬೀನು, ಕೂರಿಸಿದೆ. ಒಳಗೆ 20, 30, 40, 50 ಗಜಕ್ಕೆ ಒಂದರ ಕೆಳಗೊಂದು ಗೆರೆಗಳಿವೆ. ಮೇಲಿನ ಗೆರೆಯಲ್ಲಿ 20 ಗಜಕ್ಕೆ ಹೊಂದಿಸಿದ್ದೇನೆ, ಮೂರೂ ಬಾಣ ಒತ್ತೊತ್ತಾಗಿ ನಾಟುತ್ತವೆ. 40ಕ್ಕೆ ಹೋದರೆ ಒಂದು ಇಂಚು ಬಲಕ್ಕೆ, 50ಕ್ಕೆ ಎರಡು ಇಂಚು ಬಲಕ್ಕೆ. ಗಾಳಿ ಇರಲಿಲ್ಲ. ಅದನ್ನು ಸರಿಮಾಡಲು ಸ್ಕೋಪಿನ ಗುರಿ ಸರಿಸುವ ತಿರುಪನ್ನು ಒಂದೊಂದೇ ಕ್ಲಿಕ್ ತಿರುಗಿಸಿದರೆ 20 ಗಜದ್ದು ಕೆಡುತ್ತದೆ. ಏನು ಮಾಡಲಿ?

ಹೆದೆಗಾರ:
ಹೆದೆ ಎರಡೂ ಕಡೆ ಸಮ ಬರ್ತಿದೆಯಾ ನೋಡಿ. ಬರಿಗೈಯಲ್ಲಿ ಎಳೆದರೆ ಒಂದು ಕಡೆ ಜಾಸ್ತಿ ಬಂದುಬಿಡುತ್ತದೆ. ಎಳೆಯುವ ಹಗ್ಗ ಬಳಸಿ.

ನೇರಗೆರೆ:
ಹಗ್ಗ ಬಳಸುವುದು ಒಳ್ಳೆಯದೇ. ಆದರೆ ಹೆದೆ ಓರೆಯಾಗಿ ಬರ್ತಿದ್ದರೆ 20 ಗಜದಲ್ಲೇ ಬಾಣ ಅಕ್ಕಪಕ್ಕ ಚದುರುತ್ತಿತ್ತು, ಅಲ್ವಾ? ನಿಮ್ಮದು ದೂರ ಹೋದಷ್ಟೂ ಒಂದೇ ಕಡೆ ಜಾರುತ್ತಿದೆ. ಸ್ಕೋಪ್ ತನ್ನನ್ನು ಬಿಲ್ಲಿಗೆ ಹಿಡಿದಿಡುವ ರಿಂಗ್‌ಗಳೊಳಗೆ ಸ್ವಲ್ಪ ತಿರುಗಿ ಕೂತಿರಬೇಕು. ಕೆಳಗಿನ ಗೆರೆಗಳು ಎಡಕ್ಕೆ ವಾಲಿದ್ದರೆ, ಅವುಗಳಲ್ಲಿ ಗುರಿ ಹಿಡಿದಾಗ ಬಾಣ ಬಲಕ್ಕೇ ಹೋಗುತ್ತದೆ. ನಾನೂ ಇದೇ ತಪ್ಪಿಗೆ ಎರಡು ಸಂಜೆ ಸುಮ್ನೆ ಕ್ಲಿಕ್ ತಿರುಗಿಸಿದ್ದೆ.

ಹೆದೆ ಎಳೆಯದೆ, ಬಾಣ ಇಡದೆ, ಬಿಲ್ಲನ್ನು ಅಲುಗಾಡದಂತೆ ಕೂರಿಸಿ. ಬಾಣ ಓಡುವ ಹಳಿಯ ಮೇಲೆ ಅಡ್ಡಲಾಗಿ ಪುಟ್ಟ ರಸಮಟ್ಟ ಇಟ್ಟು ಗುಳ್ಳೆ ನಡುವೆ ತನ್ನಿ. 20 ಗಜ ದೂರದಲ್ಲಿ ಬಿಳಿ ದಾರಕ್ಕೆ ಭಾರದ ನಟ್ ಕಟ್ಟಿ ತೂಗುಬಿಡಿ. ರಿಂಗ್ ಸ್ಕ್ರೂ ಸಡಿಲಿಸಿ, ಒಳಗಿನ ಉದ್ದ ಗೆರೆ ದಾರದ ಮೇಲೆ ಸರಿಯಾಗಿ ಕೂರುವವರೆಗೆ ಸ್ಕೋಪ್ ತಿರುಗಿಸಿ. ಆಮೇಲೆ ಬಿಗಿಮಾಡುವಾಗಲೇ ಎಚ್ಚರ ಬೇಕು. ಒಂದು ಬದಿಯ ಸ್ಕ್ರೂ ಪೂರ್ತಿ ಬಿಗಿದರೆ ಕೊಳವೆ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಕಣ್ಣಿಟ್ಟು ನೋಡಿದರೆ ಗೆರೆ ದಾರ ಬಿಟ್ಟು ಸರಿಯುವುದು ಕಾಣುತ್ತದೆ. ಎದುರುಬದುರು ಸ್ಕ್ರೂಗಳಿಗೆ ಕಾಲು ಸುತ್ತಿನಂತೆ ಕೊಡುತ್ತಾ, ಮತ್ತೆ ಮತ್ತೆ ಇಣುಕಿ ನೋಡಿ.

ಮತ್ತೆ 20 ಗಜದಿಂದಲೇ ಶುರುಮಾಡಿ. 100 ಗಜಕ್ಕೆ ಕಾಲು ಇಂಚು ಸರಿಸುವ ಕ್ಲಿಕ್ ಆದರೆ, 20 ಗಜದಲ್ಲಿ ಒಂದು ಇಂಚಿಗೆ 20 ಕ್ಲಿಕ್ ಬೇಕು. ಮೂರು ಬಾಣಕ್ಕೂ ಬೇರೆ ಬೇರೆ ಚುಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದರ ಬಾಲವನ್ನು ಇನ್ನೊಂದು ಒಡೆಯುತ್ತದೆ.

ಹೊಸಬಾಣ:
ಗೆರೆ ನಿಜಕ್ಕೂ ವಾಲಿತ್ತು! ಈಗ 50ರಲ್ಲೂ ಎಡ ಬಲ ಇಲ್ಲ. ಆದರೆ ಎರಡು ಇಂಚು ಕೆಳಗೆ ಬೀಳ್ತಿದೆ. ಸ್ಕೋಪಿನ ವೇಗದ ರಿಂಗ್ (ಬಾಣದ ವೇಗಕ್ಕೆ ತಕ್ಕಂತೆ ಗೆರೆಗಳನ್ನು ಹೊಂದಿಸುವ ಬಳೆ) ಸೆಕೆಂಡಿಗೆ 370 ಅಡಿಯಲ್ಲಿದೆ, ಬಿಲ್ಲಿನ ಡಬ್ಬದ ಮೇಲೆ ಇದ್ದದ್ದೂ ಅಷ್ಟೇ.

ನೇರಗೆರೆ:
ತುಂಬಾ ಖುಷಿಯಾಯಿತು. ಡಬ್ಬದ ಮೇಲಿನ ವೇಗ ಸಾಮಾನ್ಯವಾಗಿ ಹಗುರ ಬಾಣದ್ದು. ನಿಮ್ಮ ಬಾಣ ಅದಕ್ಕಿಂತ ಭಾರ ಇರಬಹುದು, ಹಾಗಾಗಿ ನಿಧಾನ. ರಿಂಗನ್ನು 350ರ ಹತ್ತಿರ ತಂದು 50ಕ್ಕೆ ಬಿಟ್ಟು ನೋಡಿ. ಮೇಲೆ ಬಿದ್ದರೆ ಸ್ವಲ್ಪ ಜಾಸ್ತಿ ಮಾಡಿ, ಇನ್ನೂ ಕೆಳಗಿದ್ದರೆ ಇನ್ನಷ್ಟು ಕಡಿಮೆ. ಕೊನೆಗೆ 20ಕ್ಕೆ ಒಮ್ಮೆ ಬಿಟ್ಟು ನೋಡಿ, ರಿಂಗ್ ನಿಂತ ಜಾಗಕ್ಕೆ ಬಣ್ಣದ ಗುರುತು ಹಾಕಿ. ಬಾಣದ ತೂಕ ಬದಲಿಸಿದ ದಿನ ಇದನ್ನು ಮತ್ತೆ ಮಾಡಬೇಕಾಗುತ್ತದೆ.