ಮ್ಯಾಟ್‌ಪ್ಲಾಟ್‌ಲಿಬ್: ಜುಲೈ ಬಾರ್ ಒತ್ತಿದ್ರೆ ಕೆಲ್ಸ ಮಾಡುತ್ತೆ, ಜನವರಿ ಮಾಡಲ್ಲ, ಯಾಕೆ?

ನಾಪೋಕ್ಲು_ತೋಟ:
ಎಲ್ರಿಗೂ ನಮಸ್ಕಾರ. ಅಪ್ಪ ದಿನಾ ಬೆಳಿಗ್ಗೆ ತೋಟದಲ್ಲಿ ಮಳೆ ಅಳೆದು ಡೈರಿಲಿ ಇಂಚಲ್ಲಿ ಬರೆದಿಟ್ಟಿದ್ದಾರೆ, ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿ ಪೈಥಾನಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಅನ್ನೋ ಗ್ರಾಫ್ ಬಿಡಿಸೋ ಲೈಬ್ರರಿ ಬಳಸಿ ಗ್ರಾಫ್ ಮಾಡಿದೀನಿ. 12 ತಿಂಗಳಿಗೆ 12 ಬಾರ್, ಯಾವ್ದು ಒತ್ತಿದ್ರೂ ಕೆಳಗೆ ಆ ತಿಂಗಳ ದಿನದಿನದ ಮಳೆ ಬರ್ಬೇಕು. ಬಾರನ್ನ ಒತ್ತೋಕೆ ಆಗೋ ಹಾಗೆ ಪಿಕರ್ ಟ್ರೂ (picker=True) ಕೊಟ್ಟು, ಒತ್ತಿದಾಗ ಬರೋ ಪಿಕ್ ಈವೆಂಟಿಗೆ (pick_event) ಫಂಕ್ಷನ್ ಜೋಡಿಸಿದೀನಿ. ಜೂನ್ ಜುಲೈ ಸರಿಯಾಗಿ ಬರುತ್ತೆ, ಫೆಬ್ರವರಿ ಮಾರ್ಚ್ ಹತ್ತು ಸಲ ಒತ್ತಿದ್ರೆ ಒಂದ್ಸಲ, ಜನವರಿ ಇಲ್ವೇ ಇಲ್ಲ. ಅಪ್ಪಂಗೆ ಬೇಕಿರೋದೇ ಹೂ ಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಯಾವ ದಿನ ಬಂತು ಅನ್ನೋದು, ಅದೇ ಸಿಗ್ತಿಲ್ಲ. ಜೊತೆಗೆ ಇಂಚು, ಮಿಮೀ ಅಂತ ಎರಡು ಬಟನ್ ಇಟ್ಟಿದೀನಿ, ಕಾಣುತ್ತೆ ಆದ್ರೆ ಒತ್ತಿದ್ರೆ ಏನೂ ಆಗಲ್ಲ, ಎರರೂ ಇಲ್ಲ. ಜುಪಿಟರ್ ನೋಟ್‌ಬುಕ್ ಅಲ್ಲ, ಸ್ಕ್ರಿಪ್ಟ್ ಆಗೇ ಓಡಿಸ್ತಿರೋದು.

ಮಡಿಕೇರಿ_ಮಂಜು:
ಬಟನ್‌ನ ಯಾವ್ದಾದ್ರೂ ಫಂಕ್ಷನ್ ಒಳಗೆ ಮಾಡಿದೀರಾ? ಹಾಗಿದ್ರೆ ಫಂಕ್ಷನ್ ಮುಗಿದ ತಕ್ಷಣ ಆ ವೇರಿಯಬಲ್ ಹೋಗುತ್ತೆ, ಬಟನನ್ನ ಹಿಡ್ಕೊಂಡಿರೋರು ಯಾರೂ ಇಲ್ದೆ ಪೈಥಾನ್ ಅದನ್ನ ಅಳಿಸಿಬಿಡುತ್ತೆ, ಚಿತ್ರ ಮಾತ್ರ ಉಳಿಯುತ್ತೆ. ಮೌಸ್ ಮೇಲೆ ತಂದಾಗ ಬಟನ್ ಬಣ್ಣ ಬದಲಾಗ್ತಿಲ್ಲ ಅಂದ್ರೆ ಇದೇ ಕಾರಣ. ಫಂಕ್ಷನ್ನಿಂದ ಬಟನನ್ನ ರಿಟರ್ನ್ ಮಾಡಿ ಹೊರಗೆ ಒಂದು ಹೆಸರಲ್ಲಿ ಇಟ್ಕೊಳ್ಳಿ, ಕ್ಲಾಸ್ ಇದ್ರೆ ಸೆಲ್ಫ್‌ಗೆ ಹಾಕಿ.

ಸೋಮವಾರಪೇಟೆ_ಅಕ್ಕ:
ಜನವರಿ ವಿಷಯ ನಾನು ಹೇಳ್ತೀನಿ ತಮ್ಮ. ಪಿಕ್ ಈವೆಂಟ್ ಬರೋದು ಬಾರಿನ ಮೈಮೇಲೆ ಒತ್ತಿದ್ರೆ ಮಾತ್ರ. ಮಳೆ ಸೊನ್ನೆ ಅಂದ್ರೆ ಬಾರಿಗೆ ಎತ್ತರಾನೇ ಇಲ್ಲ, ಎಲ್ಲಿ ಒತ್ತೋದು? ನಮ್ಮ ಕಡೆ ಜುಲೈ ಮಳೆ ಪಕ್ಕದಲ್ಲಿ ಮಾರ್ಚಿನ ಒಂದಿಂಚು ಗೆರೆ ತರ ಕಾಣುತ್ತೆ, ಅದಕ್ಕೇ ಒಂದ್ಸಲ ಸಿಗೋದು. ಪಿಕ್ ಬಿಟ್ಟು ಬಟನ್ ಪ್ರೆಸ್ ಈವೆಂಟ್ (button_press_event, ಮೌಸ್ ಬಟನ್ ಎಲ್ಲಿ ಒತ್ತಿದ್ರೂ ಬರೋದು) ತಗೊಳ್ಳಿ, ಅದರಲ್ಲಿ ಎಕ್ಸ್‌ಡೇಟಾ (xdata, ಒತ್ತಿದ ಜಾಗದ ಅಡ್ಡ ಅಳತೆ) ಬರುತ್ತೆ, ಅದನ್ನ ರೌಂಡ್ ಮಾಡಿದ್ರೆ ಯಾವ ತಿಂಗಳ ಜಾಗ ಅಂತ ಗೊತ್ತಾಗುತ್ತೆ, ಖಾಲಿ ಜಾಗದಲ್ಲಿ ಒತ್ತಿದ್ರೂ ಸರಿ. ತಿಂಗಳ ಹೆಸರು ಕೊಟ್ಟು ಬಾರ್ ಹಾಕಿದ್ರೆ ಜನವರಿ 0, ಡಿಸೆಂಬರ್ 11. ಆದ್ರೆ ಮೊದಲು ಇನ್‌ಆಕ್ಸಿಸ್ (inaxes, ಯಾವ ಚೌಕದೊಳಗೆ ಒತ್ತಿದ್ದು ಅನ್ನೋದು) ನಿಮ್ಮ ತಿಂಗಳ ಗ್ರಾಫೇನಾ ಅಂತ ನೋಡ್ಲೇಬೇಕು, ಯಾಕಂದ್ರೆ ನಿಮ್ಮ ಇಂಚು, ಮಿಮೀ ಬಟನ್ ಒತ್ತಿದ್ರೂ ಇದೇ ಫಂಕ್ಷನ್ ಓಡುತ್ತೆ, ಗ್ರಾಫಿಂದ ಆಚೆ ಒತ್ತಿದ್ರೆ ಎಕ್ಸ್‌ಡೇಟಾ None (ಅಂದ್ರೆ ಖಾಲಿ) ಆಗಿ ರೌಂಡ್ ಎರರ್ ಕೊಡುತ್ತೆ. ಝೂಮ್ ಆನ್ ಇದ್ದಾಗ್ಲೂ ಕ್ಲಿಕ್ ಬಂದೇ ಬರುತ್ತೆ, ಟೂಲ್‌ಬಾರ್ ಮೋಡ್ ಖಾಲಿ ಇದ್ರೆ ಮಾತ್ರ ಮುಂದುವರಿಸಿ.

ನಾಪೋಕ್ಲು_ತೋಟ:
ಅಕ್ಕ, ಮಂಜಣ್ಣ, ಎರಡೂ ಸರಿಯಾಯ್ತು! ಮಾರ್ಚ್ ಮೊದಲ ಸಲಕ್ಕೇ ತೆಗೀತು. ಆದ್ರೆ ಮಿಮೀ ಒತ್ತಿ ಮೌಸ್ ಅಲ್ಲಾಡಿಸಿದ್ಮೇಲೇ ಗ್ರಾಫ್ ಬದಲಾಗುತ್ತೆ, ಬಾರೆಲ್ಲ ಮೇಲಿಂದ ಆಚೆ ಹೋಗುತ್ತೆ.

ಮಡಿಕೇರಿ_ಮಂಜು:
25.4ರಿಂದ ಗುಣಿಸಿ ಬಾರಿನ ಎತ್ತರ ಮಾತ್ರ ಬದಲಾಯಿಸಿರ್ತೀರಿ, ವೈ ಮಿತಿ ಇಂಚಿಂದೇ ಉಳ್ಕೊಂಡಿದೆ. ಅದನ್ನೂ ಹೊಸದಾಗಿ ಸೆಟ್ ಮಾಡಿ ಕೊನೇಲಿ ಗ್ರಾಫನ್ನ ಮತ್ತೆ ಬಿಡಿಸೋಕೆ ಕ್ಯಾನ್ವಾಸಿನ ಡ್ರಾ ಐಡಲ್ (draw_idle) ಕರೀರಿ.

ನಾಪೋಕ್ಲು_ತೋಟ:
ಆಯ್ತು ಅಣ್ಣ, ಈಗ ಒತ್ತಿದ ಕೂಡ್ಲೇ ಬದಲಾಗ್ತಿದೆ. ಅಪ್ಪ ಪಕ್ಕದಲ್ಲೇ ಕೂತು ಒಂದೊಂದೇ ವರ್ಷದ ಮಾರ್ಚ್ ಒತ್ತಿ ನೋಡ್ತಿದ್ದಾರೆ.