ಚಾರ್ಜಿಂಗ್ ಸ್ಟೇಷನ್‌ಗೆ ನೂರಕ್ಕೆ ನೂರು ಸಬ್ಸಿಡಿ ಅಂತಾರೆ, ನಿಜವಾ?

ಪ್ರಶ್ನೆ (ಬಾಳ್ಳುಪೇಟೆಯಿಂದ): ಸರ್, ನಮಸ್ಕಾರ. ಹಾಸನ–ಸಕಲೇಶಪುರ ಹೆದ್ದಾರಿ ಪಕ್ಕ ನಮ್ಮದು ಹದಿನೈದು ಗುಂಟೆ ಜಾಗ, ಅದರಲ್ಲೇ ಒಂದು ಸಣ್ಣ ಹೋಟೆಲು. ಎಲೆಕ್ಟ್ರಿಕ್ ಕಾರಿಗೆ ಚಾರ್ಜಿಂಗ್ ಸ್ಟೇಷನ್ ಹಾಕೋಣ ಅಂತಿದೀವಿ. ಏಜೆಂಟ್ ಒಬ್ಬರು ಬಂದಿದ್ರು. ಪಿಎಂ ಇ-ಡ್ರೈವ್ ಅನ್ನೋ ಕೇಂದ್ರ ಸರ್ಕಾರದ ಎಲೆಕ್ಟ್ರಿಕ್ ವಾಹನ ಯೋಜನೆಯಲ್ಲಿ ಪೂರ್ತಿ ಸಬ್ಸಿಡಿ ಸಿಗುತ್ತೆ, ಫೈಲ್ ಖರ್ಚಿಗೆ ಮೊದಲು ಮೂವತ್ತು ಸಾವಿರ ಕೊಡಿ ಅಂತಾರೆ. ಕೊಡಬಹುದಾ?

ಉತ್ತರ (ಎಲೆಕ್ಟ್ರಿಕಲ್ ಗುತ್ತಿಗೆದಾರ, ಹಾಸನ): ಕೊಡಬೇಡಿ ಅಣ್ಣ. ಯೋಜನೆ ಸುಳ್ಳಲ್ಲ. 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ, ಒಟ್ಟು 10,900 ಕೋಟಿಯಲ್ಲಿ 2,000 ಕೋಟಿ ಸಾರ್ವಜನಿಕ ಚಾರ್ಜಿಂಗ್‌ಗೇ ಇಟ್ಟಿದ್ದಾರೆ. ಆದರೆ ಆ ನೂರಕ್ಕೆ ನೂರು ಇರೋದು ಸರ್ಕಾರಿ ಕಚೇರಿ, ಸರ್ಕಾರಿ ಆಸ್ಪತ್ರೆ, ಕಾಲೇಜು ಇಂಥ ಆವರಣಗಳಿಗೆ. ಅಲ್ಲೂ ಯಾರು ಬೇಕಾದರೂ ಬಂದು ಚಾರ್ಜ್ ಮಾಡ್ಕೊಳ್ಳುವಂತಿರಬೇಕು ಅನ್ನೋ ಷರತ್ತು. ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಸರ್ಕಾರಿ ತೈಲ ಕಂಪನಿಗಳ ಬಂಕು, ನಗರಸಭೆಯ ಪಾರ್ಕಿಂಗ್ ಇವಕ್ಕೆ ಲೈನ್ ಕೆಲಸದ (ಟ್ರಾನ್ಸ್‌ಫಾರ್ಮರ್, ಕೇಬಲ್, ಪ್ಯಾನಲ್) 80%, ಚಾರ್ಜಿಂಗ್ ಮಷೀನಿನ 70%. ನಿಮ್ಮಂಥ ಹೆದ್ದಾರಿ ಪಕ್ಕದ ಖಾಸಗಿ ಜಾಗ ಮೂರನೇ ಗುಂಪು. ಅಲ್ಲಿ ಆ ಲೈನ್ ಕೆಲಸದ ಬಾಬ್ತಿಗೆ 80% ಅಷ್ಟೇ, ಮಷೀನು ಪೂರ್ತಿ ನಿಮ್ಮ ಖರ್ಚು. ಆ 80% ಕೂಡ ನೀವು ಹಾಕಿದ ಬಿಲ್ಲಿಗೆಲ್ಲ ಸಿಗಲ್ಲ, ಸರ್ಕಾರ ಕಟ್ಟಿರೋ ದರಕ್ಕಿಂತ ಬಿಲ್ಲು ಹೆಚ್ಚಾದರೆ ಆ ದರದ ಮೇಲೆ ಮಾತ್ರ.

ಇನ್ನೊಂದು, ಇದು ಬೋರ್‌ವೆಲ್ ಸಬ್ಸಿಡಿ ಥರ ನೀವೇ ಹೋಗಿ ಅರ್ಜಿ ಹಾಕೋದಲ್ಲ. ರಾಜ್ಯದ ನೋಡಲ್ ಸಂಸ್ಥೆಗಳು (ಯೋಜನೆ ನೋಡಿಕೊಳ್ಳೋಕೆ ನೇಮಿಸಿದ ಸಂಸ್ಥೆಗಳು), ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ಜಾಗಗಳನ್ನ ಒಟ್ಟು ಮಾಡಿ ಭಾರಿ ಕೈಗಾರಿಕಾ ಸಚಿವಾಲಯಕ್ಕೆ ಪ್ರಸ್ತಾವನೆ ಕಳಿಸಬೇಕು. ನಮ್ಮ ರಾಜ್ಯದಲ್ಲಿ ಚಾರ್ಜಿಂಗ್ ವಿಷಯಕ್ಕೆ ನೋಡಲ್ ಸಂಸ್ಥೆ ಬೆಂಗಳೂರಿನ ವಿದ್ಯುತ್ ಕಂಪನಿ ಬೆಸ್ಕಾಂ. ದುಡ್ಡೂ ಎರಡು ಕಂತು: ಸಾಮಾನು ಕೊಂಡ ಮೇಲೆ 70%, ಸ್ಟೇಷನ್ ಚಾಲೂ ಆದ ಮೇಲೆ 30%. ಇದರಲ್ಲಿ ಏಜೆಂಟ್ ಓಡಿಸೋಕೆ ಯಾವ ಫೈಲೂ ಇಲ್ಲ.

ಪ್ರಶ್ನೆ (ಅವರೇ): ಹಂಗಾದ್ರೆ ಕೈಬಿಡೋದೇ ವಾಸಿನಾ ಸರ್?

ಉತ್ತರ: ಅದನ್ನ ಸಬ್ಸಿಡಿ ನೋಡಿ ತೀರ್ಮಾನ ಮಾಡಬೇಡಿ, ಕಂಬ ನೋಡಿ ಮಾಡಿ. ಕಾರನ್ನ ಬೇಗ ತುಂಬಿಸೋ ಡಿಸಿ ಫಾಸ್ಟ್ ಚಾರ್ಜರ್‌ಗೆ ದಿನವಿಡೀ ತ್ರೀ ಫೇಸ್ ಬೇಕು. ನಿಮ್ಮ ಹಿಂದಿನ ತೋಟದ ಪಂಪ್‌ಸೆಟ್ ಫೀಡರ್‌ನಿಂದ (ಪಂಪ್‌ಸೆಟ್‌ಗಳಿಗೆ ಕರೆಂಟು ತರೋ ಲೈನು) ಲೈನ್ ಎಳೆದರೆ ತ್ರೀ ಫೇಸ್ ದಿನಕ್ಕೆ ಕೆಲವೇ ಗಂಟೆ, ಮಷೀನು ಉಳಿದ ಹೊತ್ತು ಬೊಂಬೆ. ನಿಮ್ಮ ಕಂಬಕ್ಕೆ ಬರೋದು ನಿರಂತರ ಜ್ಯೋತಿ ಫೀಡರ್ರಾ (ಹಳ್ಳಿಗಳಿಗೆ ಪಂಪ್‌ಸೆಟ್‌ನಿಂದ ಬೇರ್ಪಡಿಸಿ ಎಳೆದ ಲೈನು), ಊರಿನ ಫೀಡರ್ರಾ, ಇಲ್ಲ ಪಂಪ್‌ಸೆಟ್ಟಿಂದಾ ಅಂತ ನಿಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕ್‌ನ ಸೆಕ್ಷನ್ ಆಫೀಸಲ್ಲಿ ಮೊದಲು ಕೇಳಿ. ಸಂಜೆ ಏಳರಿಂದ ಒಂಬತ್ತರ ತನಕ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತೆ, ಒಂದು ವಾರ ಬರೆದಿಡಿ. ವೋಲ್ಟೇಜ್ ಬಿದ್ದರೆ ಚಾರ್ಜರ್ ಟ್ರಿಪ್ ಆಗುತ್ತೆ, ಕಾರಿನವರು ಆಪ್‌ನಲ್ಲಿ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ.

ಸಂಪರ್ಕ ಕೇಳುವಾಗ ಹೋಟೆಲಿನ ಮೀಟರಿಗೆ ಸೇರಿಸಬೇಡಿ. ಚಾರ್ಜಿಂಗ್‌ಗೆ ಬೇರೆ ದರ ವರ್ಗ ಇದೆ, ಎಲ್‌ಟಿ-6(ಸಿ). ಸೇರಿಸಿಬಿಟ್ಟರೆ ಕಮರ್ಷಿಯಲ್ ದರದಲ್ಲಿ ಬಿಲ್ ಬರುತ್ತೆ. ಸ್ಟೇಷನ್ ನಡೆಸೋಕೆ ಲೈಸೆನ್ಸ್ ಬೇಡ. ಆದರೆ ಜಾಗದ ಭೂಪರಿವರ್ತನೆ, ಹೆದ್ದಾರಿಯಿಂದ ಒಳಬರೋ ದಾರಿಗೆ ಅನುಮತಿ, ಇವೆರಡೂ ಮೊದಲೇ ಕೈಲಿರಲಿ.

ಲೆಕ್ಕ ಹೀಗೆ ಹಾಕಿ. 60 ಕಿಲೋವ್ಯಾಟ್ ಮಷೀನು, ದಿನಕ್ಕೆ ಹತ್ತು ಕಾರು, ಒಂದಕ್ಕೆ ಇಪ್ಪತ್ತು ಯೂನಿಟ್. ಇನ್ನೂರು ಯೂನಿಟ್ ಆಯ್ತು. ಯೂನಿಟ್ಟಿಗೆ ಆರು ರೂಪಾಯಿ ಉಳೀತು ಅಂದ್ಕೊಂಡರೆ 1,200. ಇದರಲ್ಲೂ ಸ್ವಲ್ಪ ಸೋರುತ್ತೆ: ಸೆಸ್ಕ್ ಮೀಟರ್ ತೋರಿಸೋ ಯೂನಿಟ್ಟೆಲ್ಲ ಕಾರಿಗೆ ಚುಚ್ಚೋ ಗನ್‌ನಿಂದ ಹೊರಗೆ ಬರಲ್ಲ, ಒಂದಷ್ಟು ಮಷೀನಲ್ಲೇ ಶಾಖವಾಗಿ ಹೋಗುತ್ತೆ. ಶನಿವಾರ ಭಾನುವಾರ ಸಾಲು ನಿಲ್ಲುತ್ತೆ, ಮಂಗಳವಾರ ನೊಣ ಹೊಡೀತಾ ಕೂರ್ತೀರಿ. ಹಾಗಾಗಿ ಹತ್ತು ಕಾರು ಅನ್ನೋದು ವಾರದ ಸರಾಸರಿ ಆಗಿರಲಿ.

ನಿಮ್ಮ ಪರವಾಗಿರೋದು ಶಿರಾಡಿ ಘಾಟಿ. ಘಾಟಿ ಬುಡದ ಗುಂಡ್ಯದಿಂದ ಸಕಲೇಶಪುರದ ತನಕ ಎಂಟುನೂರು ಮೀಟರ್‌ನಷ್ಟು ಏರು. ಒಂದೂಮುಕ್ಕಾಲು ಟನ್ ಕಾರನ್ನ ಅಷ್ಟೆತ್ತರ ಎತ್ತೋಕೇ ಸುಮಾರು ನಾಲ್ಕು ಯೂನಿಟ್ ಬೇಕು, ಮಾಮೂಲಿ ಓಡಾಟದ ಖರ್ಚಿನ ಮೇಲೆ ಇದು. ಮಂಗಳೂರಿಂದ ಹತ್ತಿ ಬರೋರ ಬ್ಯಾಟರಿ ನಿಮ್ಮಲ್ಲಿಗೆ ಬರೋ ಹೊತ್ತಿಗೆ ಸೊರಗಿರುತ್ತೆ. ಬೆಂಗಳೂರಿಂದ ಇಳಿಯೋರಿಗೆ ಘಾಟಿಯೇ ಒಂದಷ್ಟು ತುಂಬಿಸಿ ಕೊಡುತ್ತೆ (ಇಳಿಜಾರಲ್ಲಿ ಕಾರಿನ ಮೋಟರೇ ಬ್ಯಾಟರಿ ಚಾರ್ಜ್ ಮಾಡುತ್ತೆ), ಅವರು ನಿಮ್ಮಲ್ಲಿ ಕಾಫಿಗೆ ನಿಂತರೆ ಪುಣ್ಯ. ಅದಕ್ಕೇ ಬೆಂಗಳೂರಿನ ಕಡೆ ಹೋಗೋರಿಗೆ ಕಾಣೋ ಹಾಗೆ ಬೋರ್ಡು ಹಾಕಿ. ರಸ್ತೆ ನಡುವೆ ಡಿವೈಡರ್ ಇದ್ದು ನಿಮ್ಮ ಜಾಗ ಮಂಗಳೂರಿನ ಕಡೆ ಹೋಗೋರ ಬದಿಯಲ್ಲಿದ್ದರೆ ನನ್ನ ಮಟ್ಟಿಗೆ ದುಡ್ಡು ಹಾಕೋದು ಬೇಡ.

ಪ್ರಶ್ನೆ (ಚಿಕ್ಕಮಗಳೂರಿಂದ): ಸರ್, ಮುಳ್ಳಯ್ಯನಗಿರಿ ಕಡೆ ನಮ್ಮದೊಂದು ಹೋಂಸ್ಟೇ. ಬರೋ ಅತಿಥಿಗಳಿಗೆ ಮಾತ್ರ ಚಾರ್ಜಿಂಗ್ ಕೊಡ್ಬೇಕು. ನಮಗೂ ಆ 80% ಬರುತ್ತಾ?

ಉತ್ತರ: ಇಲ್ಲ ಮೇಡಂ. ಅತಿಥಿಗಳಿಗೆ ಮಾತ್ರ ಅಂದರೆ ಅದು ಸಾರ್ವಜನಿಕ ಸ್ಟೇಷನ್ ಆಗಲ್ಲ. ನಿಮಗೆ ಅದರ ಅಗತ್ಯವೂ ಇಲ್ಲ. ರಾತ್ರಿ ತಂಗೋರಿಗೆ 7.4 ಕಿಲೋವ್ಯಾಟ್‌ನ ಎಸಿ ಚಾರ್ಜರ್ ಸಾಕು, ಸಿಂಗಲ್ ಫೇಸಲ್ಲೇ ನಡೆಯುತ್ತೆ. ಕಾರು ಪೂರ್ತಿ ಎಳ್ಕೊಂಡರೆ ಎಂಟು ಗಂಟೆಗೆ ಹೆಚ್ಚುಕಡಿಮೆ ಅರವತ್ತು ಯೂನಿಟ್. ಹಾಕಿಸೋ ಮೊದಲು ನಿಮ್ಮ ಕಡೆಯ ವಿದ್ಯುತ್ ಕಂಪನಿ ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. ಹಳೇ ಎಸ್ಟೇಟ್ ಮನೆ ಆಗಿದ್ದರೆ ಮೇನ್ ಬೋರ್ಡಿಂದ ಪ್ರತ್ಯೇಕ ಕೇಬಲ್ ಎಳೆಸಿ, ಗೀಸರ್ ಪಾಯಿಂಟಿಂದ ಕೊಂಡಿ ಹಾಕಿಸಬೇಡಿ. ಅರ್ತಿಂಗ್ ಹೊಸದಾಗಿ ಮಾಡಿಸಿ. ಅರ್ತ್ ಸರಿ ಇಲ್ಲದಿದ್ದರೆ ಎಷ್ಟೋ ಕಾರು ಚಾರ್ಜೇ ತಗೊಳ್ಳಲ್ಲ, ಬೈಗುಳ ಮಾತ್ರ ನಿಮಗೆ.

ಬಾಳ್ಳುಪೇಟೆ ಅಣ್ಣ, ನಿಮ್ಮ ಹತ್ತಿರದ ಟ್ರಾನ್ಸ್‌ಫಾರ್ಮರ್ ಎಷ್ಟು ಕೆವಿಎ (ಅದರ ಸಾಮರ್ಥ್ಯ) ಅಂತ ಅದರ ಮೇಲೇ ಬರೆದಿರುತ್ತೆ. ದೂರದಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.