ಒಂದು ಪಂಕ್ತಿಗೆ ಇಬ್ಬರು ಬಡಿಸೋರು

ಚಿಕ್ಕಮಗಳೂರಿನ ಮಳೆ, ಐ.ಜಿ. ರಸ್ತೆಯ ಹೋಟೆಲು, ಮೂರು ಕಾಫಿ. ಕಾಫಿ ಕ್ಯೂರಿಂಗ್ ಆಫೀಸಿನ ಲೆಕ್ಕ ಬರೆಯೋ ರುದ್ರೇಶ, ಕಂಪ್ಯೂಟರ್ ರಿಪೇರಿ ಸತೀಶ, ಕೇಬಲ್ ಎಳೆಯೋ ಮಂಜಣ್ಣ.

"ನಾಲ್ಕು ಕಂಪ್ಯೂಟರಿಗೆ ನೆಟ್ ಬರುತ್ತೆ, ಮೂರಕ್ಕೆ ಬರಲ್ಲ. ಮಧ್ಯಾಹ್ನದ ಹೊತ್ತಿಗೆ ಅದಲು ಬದಲು. ಅಮಾವಾಸ್ಯೆ ಬೇರೆ ಹತ್ತಿರ ಬಂತು ಮಾರಾಯ" ಅಂದ ರುದ್ರೇಶ.

"ಅಮಾವಾಸ್ಯೆ ಆಮೇಲೆ. ಬರದೇ ಇರೋದರಲ್ಲಿ ಕಂಪ್ಯೂಟರಿನ ನಂಬರ್ ತೋರಿಸೋ ಐಪಿಕಾನ್ಫಿಗ್ ಕಮಾಂಡ್ ಹೊಡೆದೆಯಾ? ಏನು ನಂಬರ್?" ಅಂದ ಸತೀಶ.

"192.168.0.30."

"ನಿಮ್ಮ ರೂಟರ್ 192.168.1.1. ಅದು ಕೊಟ್ಟಿದ್ದರೆ ಮೂರನೇ ಮನೆಯಲ್ಲಿ ಒಂದು ಇರಬೇಕಿತ್ತು. ಈ ಸೊನ್ನೆ ಯಾರ ಕೈಯಡುಗೆ?"

ರುದ್ರೇಶ ಲೋಟ ತಿರುಗಿಸಿದ. "ಮೀಟಿಂಗ್ ರೂಮಿಗೆ ವೈಫೈ ಸಿಗಲ್ಲ ಅಂತ ಯಾರೋ ಮನೆಯ ಹಳೇ ರೂಟರ್ ತಂದು ಚುಚ್ಚಿದಾರೆ."

"ಆಫೀಸಿನ ಒಳಗಿನ ತಂತಿ ಸೇರೋ ಲ್ಯಾನ್ ತೂತಿಗೆ ತಾನೇ? ಮುಗೀತು. ಒಂದೇ ಪಂಕ್ತಿಗೆ ಇಬ್ಬರು ಬಡಿಸೋರು. ಕಂಪ್ಯೂಟರ್ ಆನ್ ಆದಾಗ 'ನಂಗೊಂದು ನಂಬರ್ ಕೊಡಿ' ಅಂತ ಎಲ್ಲರಿಗೂ ಕೇಳೋ ಹಾಗೆ ಕೂಗುತ್ತೆ. ಸಾಮಾನ್ಯವಾಗಿ ಮೊದಲು ಓಗೊಟ್ಟವನ ಎಲೆಗೇ ಕೂರುತ್ತೆ. ಹಳೇ ರೂಟರ್ ನಂಬರ್ ಕೊಡುತ್ತೆ, ಹೊರಗೆ ಹೋಗೋ ಬಾಗಿಲು ಅಂದರೆ ಗೇಟ್‌ವೇ ನಾನೇ ಅನ್ನುತ್ತೆ. ಹೊರಗಿನ ನೆಟ್ ಬರೋ ಅದರ ವ್ಯಾನ್ ತೂತು ಖಾಲಿ, ನೆಟ್ ಎಲ್ಲಿಂದ ತರುತ್ತೆ? ಪಲ್ಯ ಬಡಿಸಿ ಅನ್ನ ಮರೆತ ಹಾಗೆ."

"169.254 ಅಂತಲೂ ಒಂದರಲ್ಲಿ ಬಂದಿತ್ತು."

"ಅದು ಬೇರೆ ರೋಗ. ಯಾರೂ ಬಡಿಸಲಿಲ್ಲ ಅಂತ ಕಂಪ್ಯೂಟರ್ ತನ್ನ ಬುತ್ತಿ ತಾನೇ ಬಿಚ್ಚಿಕೊಂಡಿದೆ. ಅಲ್ಲಿ ಮೊದಲು ತಂತಿ ನೋಡು."

ತಂತಿ ಅಂದಿದ್ದೇ ಮಂಜಣ್ಣ ಎದ್ದು ಕೂತ. "ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಸಾಲು. ಈ ಸಾಲಿನ 1, 2, 3, 6ನೇ ಎಳೆ ನೆಟ್ಟಗಿದ್ದರೆ 100 ಎಂಬಿಪಿಎಸ್ ವೇಗ ಓಡುತ್ತೆ. ಅದರ ಹತ್ತರಷ್ಟು ವೇಗದ ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಎಳೆ ಒಂದು ಕಡಿದರೂ ಹೆಚ್ಚಿನ ಸಲ ದೀಪ ಉರಿತಾನೇ ಇರುತ್ತೆ, ವೇಗ ಮಾತ್ರ 100ಕ್ಕೆ ಇಳಿಯುತ್ತೆ. ಬೈಗುಳ ಮಾತ್ರ ಕಂಪನಿಯವನಿಗೆ! ಇನ್ನು ಗೋಡೌನಿಗೆ ತಾಮ್ರ ಎಳೆಯೋರಿಗೆ ಏನು ಹೇಳೋದು? ಒಂದು ಎಳೆತ 100 ಮೀಟರ್ ದಾಟಬಾರದು, ನಮ್ಮೂರ ಸಿಡಿಲಿಗಂತೂ ಕಟ್ಟಡದಿಂದ ಕಟ್ಟಡಕ್ಕೆ ಫೈಬರೇ ಸರಿ. ಗಾಜಿನಲ್ಲಿ ಕರೆಂಟ್ ಹರಿಯಲ್ಲ. ಮತ್ತೆ ತಂತಿಗೆ ಚೀಟಿ ಕಟ್ಟಿ ಅಂತ..."

"ಚೀಟಿ ಆಮೇಲೆ ಅಣ್ಣಾ. ನಮ್ಮ ಬಡಿಸೋನ ಕಥೆ ಮುಗಿಸಿ."

"ಆ ಹಳೇ ರೂಟರನ್ನು ಆಫೀಸ್ ತಂತಿಯಿಂದ ಕಿತ್ತು ಪಕ್ಕಕ್ಕೆ ಕೂರಿಸು" ಅಂದ ಸತೀಶ. "ಪಾಸ್‌ವರ್ಡ್ ಮರೆತಿದ್ದರೆ ರೀಸೆಟ್ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತು. ಲ್ಯಾಪ್‌ಟಾಪಿನ ವೈಫೈ ಆರಿಸಿ, ಕೇಬಲ್ ಚುಚ್ಚಿ ಬ್ರೌಸರಲ್ಲಿ 192.168.0.1 ತೆಗೆ. ಮೊದಲು ಅದರ ವಿಳಾಸ 192.168.1.2 ಮಾಡು. ಅದು ಎದ್ದ ಮೇಲೆ ಹೊಸ ವಿಳಾಸದಲ್ಲಿ ಒಳಗೆ ಹೋಗಿ ನಂಬರ್ ಬಡಿಸೋ ಕೆಲಸ, ಅಂದರೆ ಡಿಎಚ್‌ಸಿಪಿ ಆರಿಸು. ಈ ಸಾಲು ತಪ್ಪಬೇಡ. ಡಿಎಚ್‌ಸಿಪಿ ಮೊದಲು ಆರಿಸಿದರೆ ಲ್ಯಾಪ್‌ಟಾಪಿಗೆ ಹೊಸ ನಂಬರ್ ಕೊಡೋರೇ ಇಲ್ಲ, ಬಾಗಿಲಾಚೆ ನಿಲ್ತೀಯ. ದೊಡ್ಡ ರೂಟರ್ ಹಂಚೋ ಕೊನೇ ನಂಬರನ್ನು 100ರಿಂದ 200ಕ್ಕೆ ಕಟ್ಟು. ಪ್ರಿಂಟರಿಗೆ 50 ಅಂತ ಖಾಯಂ ಕೊಡು. ಆಮೇಲೆ ಲ್ಯಾನ್‌ನಿಂದ ಲ್ಯಾನ್‌ಗೆ ತಂತಿ. ಕೊನೆಗೆ ಎಲ್ಲ ಕಂಪ್ಯೂಟರಲ್ಲೂ ಐಪಿಕಾನ್ಫಿಗ್ /ರಿಲೀಸ್ ಅಂತ ಹಳೇ ನಂಬರ್ ಬಿಡಿಸು, ಆಮೇಲೆ /ರಿನ್ಯೂ ಅಂತ ಹೊಸದು ಕೇಳಿಸು."

"ವ್ಯಾನ್‌ಗೇ ಚುಚ್ಚಿದರೆ ಇಷ್ಟು ಕಷ್ಟ ಇಲ್ಲವಲ್ಲ?"

"ಕಷ್ಟ ಬೇರೆ ಥರ. ಮೀಟಿಂಗ್ ರೂಮು ಗೋಡೆ ಹಾಕಿಕೊಂಡು ಬೇರೆ ಮನೆ ಆಗುತ್ತೆ. ಅಲ್ಲಿಗೆ ನೆಟ್ ಬರುತ್ತೆ, ಆದರೆ ಪಟ್ಟಿಯಲ್ಲಿ ಪ್ರಿಂಟರ್ ಹುಡುಕಿದರೆ ಕಾಣಲ್ಲ."

"ಇನ್ನೊಂದು" ಅಂದ ಮಂಜಣ್ಣ, "ಕಸ ಗುಡಿಸುವಾಗ ನೇತಾಡೋ ತಂತಿ ಕಂಡರೆ ಪುಣ್ಯಾತ್ಮರು ತಂತಿಗಳೆಲ್ಲ ಸೇರೋ ಡಬ್ಬಿಗೆ, ಅದೇ ಸ್ವಿಚ್ಚಿಗೆ ಮತ್ತೆ ಸಿಕ್ಕಿಸ್ತಾರೆ. ಎರಡೂ ತುದಿ ಒಂದೇ ಡಬ್ಬಿಯಲ್ಲಿ! ಕೂಗಿದ್ದು ಸುತ್ತಿ ಸುತ್ತಿ ಬೆಳೆಯುತ್ತೆ, ದೀಪಗಳೆಲ್ಲ ಒಟ್ಟಿಗೆ ಕುಣಿಯುತ್ತವೆ, ಆಫೀಸೇ ಸತ್ತಿರುತ್ತೆ."

"ರೇಡಿಯಾ ಪರ್ಲ್‌ಮನ್ ಅನ್ನೋ ಕಂಪ್ಯೂಟರ್ ತಜ್ಞೆ 1985ರಲ್ಲೇ ಅದಕ್ಕೆ, ಸುತ್ತು ಬಿದ್ದ ದಾರಿ ಮುಚ್ಚೋಕೆ, ಸ್ಪ್ಯಾನಿಂಗ್ ಟ್ರೀ ಅಂತ ಮದ್ದು ಅರೆದರು. ಸೆಟ್ಟಿಂಗ್ ಬದಲಿಸಬಹುದಾದ ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಅದು ಇರುತ್ತೆ. ಅಗ್ಗದ ಡಬ್ಬಿಯಲ್ಲಿ ಹುಡುಕಬೇಡ" ಅಂದ ಸತೀಶ.

ರುದ್ರೇಶ ಆಗಲೇ ಫೋನ್ ತೆಗೆದಿದ್ದ. "ಹಲೋ, ಮೀಟಿಂಗ್ ರೂಮಿಂದ ಸ್ವಿಚ್ಚಿಗೆ ಬಂದಿರೋ ತಂತಿ ಕಿತ್ತಾಕು. ಯಾವುದಾ? ಹಳದಿದು ಕಣೋ." ಸ್ವಲ್ಪ ಹೊತ್ತು ಕೇಳಿಸಿಕೊಂಡು ಮಂಜಣ್ಣನ ಕಡೆ ತಿರುಗಿದ. "ಹದಿನಾಲ್ಕೂ ಹಳದಿಯಂತೆ."

ಮಂಜಣ್ಣ ಜೇಬಿನಿಂದ ಮಾರ್ಕರ್ ಪೆನ್ನು ತೆಗೆದು ಮೇಜಿನ ಮೇಲಿಟ್ಟ. "ಕಾಫಿ ದುಡ್ಡು ನೀನೇ ಕೊಡು."